ಹಳೆಯ ಮನೆ, ಹೊಸ ಸಂಸಾರ: ಇಲಿ, ಗೆದ್ದಲು, ತಿಗಣೆಗಳ ನಿವಾರಣೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದವರಿಲ್ಲ. ಹೊಸ ಮನೆಯನ್ನು ಕಟ್ಟಿಸುವ ಭಾರವನ್ನು ಹೊರಲಾರದ ಅನೇಕ ಕುಟುಂಬಗಳು ಊರಿನಲ್ಲಿಯೇ ಮಾರಾಟಕ್ಕೆ ಬಂದ ಹಳೆಯ ಮನೆಯೊಂದನ್ನು ಕೊಂಡುಕೊಳ್ಳುತ್ತವೆ. ಅವಿಭಕ್ತ ಕುಟುಂಬದಿಂದ ಬೇರೆಯಾದ ದಂಪತಿಗಳಿಗೆ ಇದು ಸುಲಭವಾದ ಮಾರ್ಗವೂ ಹೌದು. ದಪ್ಪ ಮಣ್ಣಿನ ಗೋಡೆ, ಹೆಂಚಿನ ಮಾಡು, ನಡುವೆ ತೊಟ್ಟಿ, ಮೇಲೆ ಅಟ್ಟ ಇವುಗಳಿಂದ ಕೂಡಿದ ಮನೆಯು ಬೇಸಗೆಯಲ್ಲಿ ತಂಪಾಗಿಯೂ ಚಳಿಗಾಲದಲ್ಲಿ ಬೆಚ್ಚಗೂ ಇರುತ್ತದೆ.

ಆದರೆ ಪತ್ರ ನೋಂದಣಿಯಾಗಿ, ಸಾಮಾನು ಸಾಗಿಸಿ, ನಾಲ್ಕು ರಾತ್ರಿ ಮಲಗಿದ ಮೇಲೆ ಬೇರೊಂದು ಸಂಗತಿ ಗೊತ್ತಾಗುತ್ತದೆ. ಅಟ್ಟದ ಮೇಲೆ ಇಲಿಗಳ ಓಡಾಟ ಕೇಳಿಸುತ್ತದೆ. ಬಾಗಿಲ ಚೌಕಟ್ಟನ್ನು ಒತ್ತಿದರೆ ಬೆರಳು ಒಳಗೆ ಹೋಗುತ್ತದೆ. ಬೆಳಗಾಗುವಾಗ ಮಗುವಿನ ಮೈಮೇಲೆ ಕೆಂಪು ದದ್ದುಗಳು ಕಾಣಿಸುತ್ತವೆ. ತಮಗಿಂತ ಮೊದಲೇ ಬೇರೆ ಜೀವಿಗಳು ಆ ಮನೆಯಲ್ಲಿ ಸಂಸಾರ ಹೂಡಿವೆಯೆಂದು ದಂಪತಿಗಳಿಗೆ ಆಗ ತಿಳಿಯುತ್ತದೆ.

ಇಂತಹ ಸಮಯದಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಮಾರಿದವರ ಮೇಲೆ ಕೋಪ, ಗಂಡಹೆಂಡಿರಲ್ಲಿ ಪರಸ್ಪರ ದೂರು, ಬಳಿಕ ಅಂಗಡಿಗೆ ಓಡಿ ಕೈಗೆ ಸಿಕ್ಕಿದ ವಿಷವನ್ನು ತರುವುದು. ಈ ಮೂರರಲ್ಲಿ ಕೊನೆಯದೇ ಅತ್ಯಂತ ಅಪಾಯಕರವಾದುದು. ಇಲಿಗೆಂದು ಇಟ್ಟ ವಿಷವು ಮಗುವಿನ ಬಾಯಿಗೆ ಹೋಗಬಹುದು. ಧಾನ್ಯಕ್ಕೆಂದು ಇಟ್ಟ ಮಾತ್ರೆಯ ಅನಿಲವು ಮಲಗುವ ಕೋಣೆಗೆ ನುಗ್ಗಬಹುದು. ಆದುದರಿಂದ ಯಾವ ಕೆಲಸವನ್ನು ಮೊದಲು ಮಾಡಬೇಕು, ಯಾವುದನ್ನು ಕೊನೆಗೆ ಮಾಡಬೇಕು, ಯಾವುದನ್ನು ಮಾಡಲೇಕೂಡದು ಎಂಬುದನ್ನು ದಂಪತಿಗಳಿಬ್ಬರೂ ಅರಿತಿರುವುದು ಅಗತ್ಯ.

ಹಳೆಯ ಮನೆಗೆ ಈ ಜೀವಿಗಳು ಏಕೆ ಬರುತ್ತವೆ?

ಯಾವ ಪ್ರಾಣಿಗೂ ಬದುಕಲು ಮೂರು ಅನುಕೂಲಗಳು ಬೇಕು. ಅವು ಆಹಾರ, ನೀರು ಮತ್ತು ಅಡಗುವ ತಾಣ. ಹಳೆಯ ಮನೆಯಲ್ಲಿ ಈ ಮೂರೂ ಒಂದೆಡೆ ದೊರೆಯುತ್ತವೆ. ಕಣಜದ ಬುಡದಲ್ಲಿ ಚೆಲ್ಲಿದ ಕಾಳು, ಹಿತ್ತಲಿನ ತಿಪ್ಪೆ ಮತ್ತು ದನಗಳ ಮುಸುರೆ ಆಹಾರವಾಗುತ್ತವೆ. ಸೋರುವ ಹೆಂಚು ಮತ್ತು ಬಚ್ಚಲ ನೀರಿನಿಂದ ನೆನೆದ ಗೋಡೆ ನೀರನ್ನು ಒದಗಿಸುತ್ತವೆ. ಬಿರುಕು ಬಿಟ್ಟ ಗೋಡೆ, ಅಟ್ಟದ ಮೇಲಿನ ಹಳೆಯ ಚೀಲಗಳು, ತೊಲೆ ಮತ್ತು ಜಂತೆಗಳ ಸಂದು ಅಡಗುವ ತಾಣಗಳಾಗುತ್ತವೆ. ಮನೆಯು ಕೆಲವು ತಿಂಗಳು ಬೀಗ ಹಾಕಿದ ಸ್ಥಿತಿಯಲ್ಲಿದ್ದರಂತೂ ಅವುಗಳಿಗೆ ಅಡ್ಡಿಯೇ ಇರುವುದಿಲ್ಲ.

ಈ ಮೂರು ಅನುಕೂಲಗಳನ್ನು ತೆಗೆಯದೆ ಎಷ್ಟೇ ವಿಷವನ್ನು ಸುರಿದರೂ ಪ್ರಯೋಜನವು ಸ್ವಲ್ಪ ಕಾಲದ್ದು. ಹತ್ತು ಇಲಿಗಳು ಸತ್ತರೆ ತೆರವಾದ ಬಿಲಕ್ಕೆ ಪಕ್ಕದ ಹಿತ್ತಲಿನಿಂದ ಬೇರೆ ಇಲಿಗಳು ಬಂದು ಸೇರುತ್ತವೆ.

ಮೊದಲು ಪರೀಕ್ಷೆ

ಮನೆಯನ್ನು ಕೊಳ್ಳುವ ಮೊದಲೇ ಹಗಲು ಬೆಳಕಿನಲ್ಲಿ, ಕೈಯಲ್ಲಿ ಬ್ಯಾಟರಿ ದೀಪವನ್ನೂ ಒಂದು ಚಿಕ್ಕ ಚೂಪಾದ ಉಳಿಯನ್ನೂ ಹಿಡಿದು ಮನೆಯನ್ನೆಲ್ಲ ನೋಡುವುದು ಉತ್ತಮ. ಕೊಂಡ ಮೇಲೆ ತಿಳಿದಿದ್ದರೂ ಚಿಂತೆಯಿಲ್ಲ, ಅದೇ ಪರೀಕ್ಷೆಯನ್ನು ಈಗ ಮಾಡಬಹುದು. ಗರ್ಭಿಣಿಯರು, ಬಾಣಂತಿಯರು ಮತ್ತು ಚಿಕ್ಕ ಮಕ್ಕಳು ಈ ಕೆಲಸದ ಸಮಯದಲ್ಲಿ ಮನೆಯೊಳಗೆ ಇರಕೂಡದು.

ಮನೆಯ ಹೊರಗಿನಿಂದ ಆರಂಭಿಸಿ, ಗೋಡೆಯ ಬುಡದಲ್ಲಿ ಬಿಲಗಳಿವೆಯೇ, ಬಚ್ಚಲ ನೀರು ಎಲ್ಲಿ ಇಂಗುತ್ತದೆ, ಸೌದೆಯ ಒಟ್ಟಿಲು ಗೋಡೆಗೆ ತಾಗಿದೆಯೇ ಎಂದು ನೋಡಿರಿ. ಅನಂತರ ಒಳಗೆ ಅಡಿಗೆಮನೆ, ಕಣಜ, ಅಟ್ಟ, ಬಾಗಿಲು ಕಿಟಕಿಗಳ ಚೌಕಟ್ಟು ಮತ್ತು ಗೋಡೆಯೊಳಗೆ ಸೇರಿರುವ ತೊಲೆಯ ತುದಿಗಳನ್ನು ಪರೀಕ್ಷಿಸಿರಿ.

ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿಯೂ ಕಣಗಳಲ್ಲಿಯೂ ರಾಗಿಯನ್ನು ಶೇಖರಿಸುತ್ತಿದ್ದ ಹಗೇವುಗಳು ಇಂದಿಗೂ ಉಳಿದಿವೆ. ಬಹುಕಾಲ ಮುಚ್ಚಿದ್ದ ಹಗೇವಿನ ಬಾಯಿಯನ್ನು ತೆರೆದ ಕೂಡಲೆ ಯಾರೂ ಒಳಗೆ ಇಳಿಯಕೂಡದು. ಅಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈ ಆಕ್ಸೈಡ್ ತುಂಬಿರಬಹುದು. ಮೊದಲು ಇಳಿದವನು ಮೂರ್ಛೆ ಹೋದನೆಂದು ಇನ್ನೊಬ್ಬನು ಇಳಿದರೆ ಇಬ್ಬರ ಪ್ರಾಣವೂ ಹೋಗುವ ಸಂಭವವಿದೆ. ಬಳಕೆಯಲ್ಲಿಲ್ಲದ ಹಗೇವನ್ನು ಮೇಲಿನಿಂದಲೇ ಮಣ್ಣು ಕಲ್ಲು ತುಂಬಿ ಮುಚ್ಚಿಸುವುದು ಕ್ಷೇಮ.

ಇಲಿ ಮತ್ತು ಹೆಗ್ಗಣ

ಮನೆಯ ಆರೋಗ್ಯಕ್ಕೆ ಅತ್ಯಂತ ಹೆಚ್ಚು ಹಾನಿಯನ್ನು ಉಂಟುಮಾಡುವ ಜೀವಿ ಇಲಿ. ಹೆಣ್ಣಿಲಿಯ ಗರ್ಭಾವಧಿ ಸುಮಾರು 3 ವಾರಗಳು ಮಾತ್ರ. ಒಂದು ಸೂಲಿಗೆ ಸಾಮಾನ್ಯವಾಗಿ 5ರಿಂದ 8 ಮರಿಗಳು ಹುಟ್ಟುತ್ತವೆ. ಆ ಮರಿಗಳು ಸುಮಾರು 3 ತಿಂಗಳಲ್ಲಿ ಬೆಳೆದು ತಾವೂ ಮರಿಹಾಕುತ್ತವೆ. ಒಂದು ಇಲಿಯು ದಿನಕ್ಕೆ 25 ಗ್ರಾಂ ಧಾನ್ಯವನ್ನು ತಿಂದರೂ ಹತ್ತು ಇಲಿಗಳು ವರ್ಷಕ್ಕೆ ಸುಮಾರು 90 ಕಿಲೋಗ್ರಾಂ ತಿನ್ನುತ್ತವೆ. ಹಿಕ್ಕೆ, ಮೂತ್ರ ಮತ್ತು ಕೂದಲುಗಳಿಂದ ಕೆಡಿಸುವ ಧಾನ್ಯವು ಈ ಲೆಕ್ಕಕ್ಕೆ ಸೇರಿಲ್ಲ.

ಇಲಿಯ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್ ಅಥವಾ ಇಲಿಜ್ವರವು ಹರಡುತ್ತದೆ. ಮೂತ್ರವು ಸೇರಿದ ನೀರು ಮತ್ತು ಕೆಸರಿನಲ್ಲಿ ಬರಿಗಾಲಿನಲ್ಲಿ ನಡೆದಾಗ, ಕಾಲಿನ ಗಾಯ ಮತ್ತು ಬಿರುಕುಗಳ ಮೂಲಕ ರೋಗಾಣು ಶರೀರವನ್ನು ಸೇರುತ್ತದೆ. ತೀವ್ರ ಜ್ವರ, ಮೀನಖಂಡಗಳಲ್ಲಿ ಸಹಿಸಲಾಗದ ನೋವು, ಕಣ್ಣು ಕೆಂಪಾಗುವುದು, ಕೆಲವರಲ್ಲಿ ಕಾಮಾಲೆ ಇವು ಅದರ ಚಿಹ್ನೆಗಳು. ಗರ್ಭಿಣಿಯರಲ್ಲಿ ಗರ್ಭಪಾತಕ್ಕೂ ಇದು ಕಾರಣವಾಗಬಹುದು. ಆರಂಭದಲ್ಲಿಯೇ ಚಿಕಿತ್ಸೆ ದೊರೆತರೆ ರೋಗವು ಗುಣವಾಗುತ್ತದೆ. ಆದುದರಿಂದ ಹಳೆಯ ಮನೆಯನ್ನು ಶುಚಿಗೊಳಿಸಿದ ಬಳಿಕ ಒಂದು ತಿಂಗಳೊಳಗೆ ಜ್ವರ ಬಂದರೆ, ಆ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಪ್ಲೇಗಿನ ವಿಷಯವನ್ನು ಹಿರಿಯರಿಂದ ಕೇಳಿರುವಿರಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ರೋಗವು 1898ರಲ್ಲಿ ಬೆಂಗಳೂರನ್ನು ತಲುಪಿತು. ಇಲಿ ಬಿದ್ದಿತೆಂದರೆ ನಮ್ಮ ಹಳ್ಳಿಗಳ ಜನರು ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಈ ಕ್ರಮದಲ್ಲಿ ಅರ್ಥವಿತ್ತು. ಪ್ಲೇಗಿನ ರೋಗಾಣುವನ್ನು ಮನುಷ್ಯನಿಗೆ ತಲುಪಿಸುವುದು ಇಲಿಯ ಮೈಮೇಲಿನ ಚಿಗಟ. ಇಲಿ ಸತ್ತು ಅದರ ಮೈ ತಣ್ಣಗಾದೊಡನೆ ಚಿಗಟವು ಬೇರೆ ಪ್ರಾಣಿಯ ರಕ್ತವನ್ನು ಅರಸುತ್ತದೆ. 1994ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿಯೂ ಗುಜರಾತಿನ ಸೂರತ್ತಿನಲ್ಲಿಯೂ ಪ್ಲೇಗು ಮತ್ತೆ ತಲೆಯೆತ್ತಿತು. 1993ರ ಭೂಕಂಪದ ತರುವಾಯ ಜನರು ಬಿಟ್ಟುಹೋದ ಮನೆಗಳಲ್ಲಿ ಉಳಿದಿದ್ದ ಧಾನ್ಯವನ್ನು ತಿಂದು ಇಲಿಗಳು ಹೆಚ್ಚಿದುದು ಬೀಡ್ ಜಿಲ್ಲೆಯ ಪ್ಲೇಗಿಗೆ ಒಂದು ಕಾರಣವೆಂದು ವಿವರಿಸಲಾಯಿತು. ಇಂದು ಪ್ಲೇಗಿಗೆ ಪರಿಣಾಮಕಾರಿಯಾದ ಔಷಧಿಗಳಿರುವುದರಿಂದ ಹೆದರಬೇಕಾಗಿಲ್ಲ. ಆದರೂ ವಿಷವಿಡದೆಯೇ ಇಲಿಗಳು ಒಂದರ ಹಿಂದೊಂದು ಸತ್ತು ಬೀಳುತ್ತಿದ್ದರೆ ಅವುಗಳನ್ನು ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸತಕ್ಕದ್ದು.

ಇಲಿ ಇರುವಲ್ಲಿಗೆ ಹಾವು ಬರುವುದು ಸಹಜ. ಕಟ್ಟುಹಾವು ರಾತ್ರಿ ವೇಳೆಯಲ್ಲಿ ಮನೆಯೊಳಗೆ ಬಂದು, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಅದರ ಕಡಿತದಲ್ಲಿ ನೋವಾಗಲಿ ಊತವಾಗಲಿ ಅಷ್ಟಾಗಿ ಕಾಣುವುದಿಲ್ಲ. ಹಳೆಯ ಮನೆಯು ಸರಿಹೋಗುವವರೆಗೆ ಮಂಚದ ಮೇಲೆ, ಅಂಚುಗಳನ್ನು ಹಾಸಿಗೆಯಡಿ ಸೇರಿಸಿದ ಸೊಳ್ಳೆಪರದೆಯೊಳಗೆ ಮಲಗುವುದರಿಂದ ಹಾವು ಮತ್ತು ಸೊಳ್ಳೆ ಎರಡರಿಂದಲೂ ರಕ್ಷಣೆ ದೊರೆಯುತ್ತದೆ.

ಇಲಿಗಳ ನಿವಾರಣೆಯ ಕ್ರಮ

1. ಸಂಜೆ ಎಲ್ಲ ಬಿಲಗಳ ಬಾಯಿಗೂ ಹಸಿಮಣ್ಣನ್ನು ಮೆತ್ತಿರಿ. ಬೆಳಗ್ಗೆ ಯಾವುವು ಮತ್ತೆ ತೆರೆದಿವೆಯೋ ಅವುಗಳಲ್ಲಿ ಇಲಿಗಳಿವೆ ಎಂದು ತಿಳಿಯಿರಿ.

2. ಇಲಿಬೋನುಗಳನ್ನು ಗೋಡೆಯ ಬುಡಕ್ಕೆ ತಾಗಿಸಿ ಇಡಬೇಕು; ಇಲಿಗಳು ಗೋಡೆಯನ್ನು ಒರಸಿಕೊಂಡೇ ಓಡಾಡುತ್ತವೆ. ಹೊಸ ವಸ್ತುವನ್ನು ಕಂಡರೆ ಅವು ಶಂಕಿಸುತ್ತವೆ. ಆದುದರಿಂದ ಮೊದಲ 3 ದಿನ ಬೋನಿನ ಬಾಗಿಲು ಬೀಳದಂತೆ ಕಟ್ಟಿ, ಸುಟ್ಟ ಕೊಬ್ಬರಿಯ ಚೂರನ್ನೋ ಒಣಮೀನನ್ನೋ ಇಟ್ಟು ರೂಢಿ ಮಾಡಿಸಬೇಕು. ನಾಲ್ಕನೆಯ ದಿನ ಎಲ್ಲ ಬೋನುಗಳನ್ನೂ ಒಟ್ಟಿಗೆ ಹೂಡಬೇಕು. ಒಂದೆರಡು ಬೋನು ಸಾಲವು. ನೆರೆಯವರಿಂದ ಕೇಳಿ ತಂದಾದರೂ ಹೆಚ್ಚು ಇಡುವುದು ಒಳ್ಳೆಯದು.

3. ಸತ್ತ ಇಲಿಯನ್ನು ಬರಿಗೈಯಿಂದ ಮುಟ್ಟಕೂಡದು. ಕೈಗೆ ಪ್ಲಾಸ್ಟಿಕ್ ಚೀಲವನ್ನು ಸುತ್ತಿಕೊಂಡು ಎತ್ತಿ, ಬಾವಿಯಿಂದ ದೂರದಲ್ಲಿ 2 ಅಡಿ ಆಳದ ಗುಂಡಿಯಲ್ಲಿ ಹೂಳಬೇಕು.

4. ಇಲಿಗಳು ಕಡಿಮೆಯಾದ ಮೇಲೆ ಬಿಲಗಳಿಗೆ ಗಾಜಿನ ಚೂರು ಮತ್ತು ಜಲ್ಲಿಯನ್ನು ತುಂಬಿ ಸಿಮೆಂಟಿನಿಂದ ಮುಚ್ಚಿರಿ. ಬಚ್ಚಲ ಕಿಂಡಿಗೂ ಗವಾಕ್ಷಿಗಳಿಗೂ ಕಾಲು ಇಂಚಿಗಿಂತ ದೊಡ್ಡ ಕಣ್ಣಿರದ ಕಬ್ಬಿಣದ ಜಾಲರಿಯನ್ನು ಹೊಡೆಯಿರಿ. ಬೆರಳು ತೂರುವಷ್ಟು ಸಂದಿನಲ್ಲಿ ಚಿಟ್ಟಿಲಿಯು ಸುಲಭವಾಗಿ ನುಸುಳುತ್ತದೆ. ಬಾಗಿಲಿನ ಕೆಳಗಿನ ಸಂದಿಗೆ ತಗಡಿನ ಪಟ್ಟಿಯನ್ನು ಹೊಡೆಸುವುದು ಅಗತ್ಯ.

5. ಒಣಗಿದ ಹಿಕ್ಕೆಗಳನ್ನು ಪೊರಕೆಯಿಂದ ಗುಡಿಸಿದರೆ ಧೂಳೆದ್ದು ಉಸಿರಿನಲ್ಲಿ ಸೇರುತ್ತದೆ. ಕಿಟಕಿಗಳನ್ನು ಅರ್ಧ ಗಂಟೆ ತೆರೆದಿಟ್ಟು, ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು, ಒಂದು ಲೀಟರು ನೀರಿಗೆ 30 ಗ್ರಾಂ ಬ್ಲೀಚಿಂಗ್ ಪುಡಿ ಕದಡಿದ ದ್ರಾವಣವನ್ನು ಚಿಮುಕಿಸಿ, 10 ನಿಮಿಷದ ಬಳಿಕ ಒದ್ದೆ ಬಟ್ಟೆಯಿಂದ ಒರಸಿ ತೆಗೆಯಿರಿ. ಈ ದ್ರಾವಣಕ್ಕೆ ಆಮ್ಲವನ್ನಾಗಲಿ ಬೇರೆ ಯಾವ ಶೌಚದ್ರವವನ್ನಾಗಲಿ ಬೆರೆಸಕೂಡದು.

6. ಧಾನ್ಯವನ್ನು ಚೆನ್ನಾಗಿ ಒಣಗಿಸಿ, ಮುಚ್ಚಳ ಬಿಗಿಯಾಗಿರುವ ತಗಡಿನ ಡಬ್ಬಗಳಲ್ಲಿ ಶೇಖರಿಸಿರಿ. ಹಲ್ಲಿನಲ್ಲಿ ಕಡಿದಾಗ ಕಾಳು ‘ಕಟ್’ ಎಂದು ಮುರಿದರೆ ಅದು ಒಣಗಿದೆ ಎಂದರ್ಥ. ಚೀಲಗಳಲ್ಲಿಯೇ ಇಡಬೇಕಾದಲ್ಲಿ ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ ಜೋಡಿಸಿರಿ.

ಗೆದ್ದಲು

ಗೆದ್ದಲಿನಿಂದ ಮನುಷ್ಯನಿಗೆ ರೋಗ ಹರಡುವುದಿಲ್ಲ. ಆದರೆ ಗೆದ್ದಲು ತಿಂದ ತೊಲೆಯ ಕೆಳಗೆ ಮಗುವನ್ನು ಮಲಗಿಸುವುದು ರೋಗಕ್ಕಿಂತ ಕಡಿಮೆ ಅಪಾಯವೇನಲ್ಲ. ಮಳೆಗಾಲದಲ್ಲಿ ನೆನೆದ ಹೆಂಚಿನ ಭಾರವನ್ನು ತಾಳಲಾರದೆ ಇಂತಹ ತೊಲೆ ಮುರಿದು ಬೀಳಬಹುದು.

ಗೆದ್ದಲಿಗೆ ಬೆಳಕು ಮತ್ತು ಒಣಗಾಳಿ ಆಗದು. ಆದುದರಿಂದ ಅದು ನೆಲದಿಂದ ಗೋಡೆಯ ಮೇಲೆ ಪೆನ್ಸಿಲಿನಷ್ಟು ದಪ್ಪದ ಮಣ್ಣಿನ ದಾರಿಗಳನ್ನು ಕಟ್ಟಿಕೊಂಡು ಮರವನ್ನು ತಲುಪುತ್ತದೆ. ಮರದ ಹೊರಮೈಯನ್ನು ಉಳಿಸಿ ಒಳಗಿನ ತಿರುಳನ್ನು ತಿನ್ನುವುದರಿಂದ ಬಣ್ಣ ಬಳಿದ ಚೌಕಟ್ಟು ನೋಡಲು ಚೆನ್ನಾಗಿಯೇ ಕಾಣುತ್ತದೆ. ಉಳಿಯ ಹಿಡಿಯಿಂದ ತಟ್ಟಿದರೆ ಗಟ್ಟಿ ಮರವು ‘ಠಣ್’ ಎನ್ನುತ್ತದೆ, ಟೊಳ್ಳು ಮರವು ‘ಬೊದ್’ ಎನ್ನುತ್ತದೆ. ತೊಲೆಯು ಗೋಡೆಯನ್ನು ಸೇರುವ ಜಾಗವನ್ನು ವಿಶೇಷವಾಗಿ ತಟ್ಟಿ ನೋಡಬೇಕು. ತೇವವು ನಿಲ್ಲುವುದು ಅಲ್ಲಿಯೇ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಮನೆಯೊಳಗಿನ ನೆಲ ಅಥವಾ ಗೋಡೆಯಿಂದಲೇ ರೆಕ್ಕೆಯ ಮಳೆಹುಳುಗಳು ಏಳುತ್ತಿದ್ದರೆ ಗೂಡು ಹತ್ತಿರದಲ್ಲಿದೆ ಎಂದು ತಿಳಿಯಬೇಕು. ಮಣ್ಣಿನ ಬದಲು ಹಿಟ್ಟಿನಂತಹ ನುಣ್ಣನೆಯ ಪುಡಿ ಉದುರುತ್ತಿದ್ದರೆ ಅದು ಗೆದ್ದಲಲ್ಲ, ಮರವನ್ನು ಕೊರೆಯುವ ದುಂಬಿ.

ಮಣ್ಣಿನ ದಾರಿಯನ್ನು ಕೆರೆದು ಹಾಕಿದ ಮಾತ್ರಕ್ಕೆ ಗೆದ್ದಲು ನಾಶವಾಗದು. ರಾಣಿಯು ನೆಲದೊಳಗಿನ ಗೂಡಿನಲ್ಲಿ ವರ್ಷಗಟ್ಟಲೆ ಬದುಕಿ ಮೊಟ್ಟೆಯಿಡುತ್ತಿರುತ್ತದೆ. ಮೊದಲು ತೇವವನ್ನು ತಪ್ಪಿಸಬೇಕು. ಒಡೆದ ಹೆಂಚುಗಳನ್ನು ಬದಲಿಸುವುದು, ಬಚ್ಚಲ ನೀರನ್ನು ಕಾಲುವೆಯ ಮೂಲಕ ದೂರದ ಇಂಗುಗುಂಡಿಗೆ ಹರಿಸುವುದು, ಸೌದೆಯನ್ನು ಗೋಡೆಯಿಂದ ದೂರವಿಡುವುದು ಇವು ಹಣಕ್ಕಿಂತ ಹೆಚ್ಚಾಗಿ ಶ್ರಮವನ್ನು ಬೇಡುವ ಕೆಲಸಗಳು. ಟೊಳ್ಳಾದ ತೊಲೆಗೆ ತಕ್ಷಣ ಊರೆಗಂಬವನ್ನು ಕೊಟ್ಟು, ಅನುಭವಿ ಬಡಗಿಯಿಂದ ಪರೀಕ್ಷೆ ಮಾಡಿಸಿ ಬದಲಿಸಬೇಕು. ಹೊಸ ಮರವನ್ನು ಕೊಳ್ಳುವಾಗ ತೇಗ, ಹೊನ್ನೆಗಳ ಬಲಿತ ಕೆಚ್ಚನ್ನು ಆರಿಸಬೇಕು. ಅದೇ ಮರದ ಬಿಳಿಯ ಹೊರಭಾಗವನ್ನು ಗೆದ್ದಲು ತಿನ್ನುತ್ತದೆ.

ತಳಪಾಯದ ಸುತ್ತ ಔಷಧಿ ಹಾಕಿಸುವುದು ಅನಿವಾರ್ಯವಾದರೆ ಆ ಕೆಲಸವನ್ನು ತರಬೇತಿ ಪಡೆದವರಿಗೇ ಒಪ್ಪಿಸತಕ್ಕದ್ದು. ಬಾವಿ ಅಥವಾ ಕೊಳವೆ ಬಾವಿಯು ಸಮೀಪದಲ್ಲಿದ್ದರೆ ಅದನ್ನು ಅವರಿಗೆ ಮೊದಲೇ ತೋರಿಸಬೇಕು. ಗರ್ಭಿಣಿಯರೂ ಮಕ್ಕಳೂ ಆ ದಿನಗಳಲ್ಲಿ ಬೇರೆಡೆ ಇರಬೇಕು.

ತಿಗಣೆ ಮತ್ತು ಜಿರಲೆ

ಮನೆ ಖಾಲಿಯಿದ್ದರೆ ತಿಗಣೆಗಳು ತಾವಾಗಿಯೇ ಸಾಯುತ್ತವೆ ಎಂಬ ನಂಬಿಕೆ ತಪ್ಪು. ರಕ್ತ ದೊರೆಯದಿದ್ದರೂ ಅವು ಹಲವು ತಿಂಗಳು ಜೀವಿಸಬಲ್ಲವು. ತಿಗಣೆಯು ರೋಗವನ್ನು ಹರಡುತ್ತದೆಂಬುದಕ್ಕೆ ಆಧಾರವಿಲ್ಲ. ಆದರೆ ನಿದ್ರೆಗೆಟ್ಟ ತಾಯಿಯೂ, ತುರಿಸಿಕೊಂಡು ಹುಣ್ಣು ಮಾಡಿಕೊಂಡ ಮಗುವೂ ಆರೋಗ್ಯದಿಂದಿರಲಾರರು. ಮಂಚದ ಸಂದುಗಳಲ್ಲಿ ಕಪ್ಪು ಚುಕ್ಕೆಗಳು, ಕಳಚಿದ ಪೊರೆಗಳು, ದಿಂಬಿನ ಮೇಲೆ ರಕ್ತದ ಕಲೆಗಳು ತಿಗಣೆಯ ಗುರುತುಗಳು.

ತಿಗಣೆಗೆ ಶಾಖವೇ ಮದ್ದು. ಬಟ್ಟೆ ಕಂಬಳಿಗಳನ್ನು ಕೈಯಿಡಲಾಗದಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆಯಬೇಕು. ಮಂಚದ ಸಂದುಗಳಿಗೂ ಗೋಡೆಯ ಬಿರುಕುಗಳಿಗೂ ಕುದಿಯುವ ನೀರನ್ನು ಹುಯ್ಯಬೇಕು. ಆಗ ಮಕ್ಕಳು ಹತ್ತಿರ ಸುಳಿಯದಂತೆ ಒಬ್ಬರು ನೋಡಿಕೊಳ್ಳಬೇಕು. ಮೊಟ್ಟೆಗಳು ಒಂದೆರಡು ವಾರಗಳಲ್ಲಿ ಒಡೆಯುವುದರಿಂದ ಈ ಕೆಲಸವನ್ನು ವಾರಕ್ಕೊಮ್ಮೆಯಂತೆ 6 ವಾರ ಮಾಡಬೇಕು. ಅನಂತರ ಬಿರುಕುಗಳನ್ನು ಗಾರೆಯಿಂದ ಮುಚ್ಚಿ ಸುಣ್ಣ ಬಳಿಸಿರಿ. ಹಳೆಯ ಮನೆಯವರು ಬಿಟ್ಟುಹೋದ ಮಂಚ ಹಾಸಿಗೆಗಳನ್ನು ಪರೀಕ್ಷಿಸದೆ ಬಳಸಬೇಡಿರಿ. ಸೀಮೆಎಣ್ಣೆಯನ್ನು ಸವರುವ ಪದ್ಧತಿಯು ಬೆಂಕಿಗೆ ಆಸ್ಪದವಾದುದರಿಂದ ಅದನ್ನು ಬಿಡಬೇಕು.

ಜಿರಲೆಗಳು ಕೊಳಕಿನ ಮೇಲೆ ನಡೆದ ಕಾಲಿನಿಂದಲೇ ಅನ್ನದ ಪಾತ್ರೆಯ ಮೇಲೂ ನಡೆಯುತ್ತವೆ. ಅವುಗಳ ಹಿಕ್ಕೆ ಮತ್ತು ಒಣಗಿದ ಪೊರೆಗಳ ಧೂಳಿನಿಂದ ಕೆಲವು ಮಕ್ಕಳಿಗೆ ಉಬ್ಬಸ ಹೆಚ್ಚುತ್ತದೆ. ರಾತ್ರಿ ಮಲಗುವ ಮೊದಲು ಎಂಜಲು ಪಾತ್ರೆಗಳನ್ನು ತೊಳೆದಿಡುವುದು, ಒಲೆಯ ಸುತ್ತ ಒರಸುವುದು, ಬಚ್ಚಲ ಕಿಂಡಿಗೆ ಜಾಲರಿ ಹಾಕುವುದು ಇವುಗಳಿಂದ ಅವು ಬಹುಮಟ್ಟಿಗೆ ಕಡಿಮೆಯಾಗುತ್ತವೆ.

ವಿಷದ ವಿಷಯದಲ್ಲಿ ಎಚ್ಚರಿಕೆ

ಈ ಲೇಖನದ ಮುಖ್ಯ ಭಾಗವಿದು. ದಂಪತಿಗಳಿಬ್ಬರೂ ಇದನ್ನು ಜೊತೆಯಾಗಿ ಓದಬೇಕೆಂದು ಕೋರಿಕೆ.

ಧಾನ್ಯಕ್ಕೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಅನೇಕರು ಇಲಿಯ ಬಿಲಗಳಿಗೂ ಹಾಕುತ್ತಾರೆ. ಗಾಳಿಯ ತೇವವು ತಾಗಿದೊಡನೆ ಈ ಮಾತ್ರೆಯಿಂದ ಫಾಸ್ಫೀನ್ ಎಂಬ ಅನಿಲವು ಹೊರಡುತ್ತದೆ. 3 ಗ್ರಾಂ ತೂಕದ ಒಂದು ಮಾತ್ರೆಯಿಂದ 1 ಗ್ರಾಂ ಅನಿಲವು ಬಿಡುಗಡೆಯಾಗುತ್ತದೆ. ಹಳೆಯ ಮನೆಯ ಗೋಡೆಗಳಲ್ಲಿ ಬಿಲವು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಕಣ್ಣಿಗೆ ಕಾಣದು. ಹಜಾರದ ಬಿಲಕ್ಕೆ ಹಾಕಿದ ಮಾತ್ರೆಯ ಅನಿಲವು ಮಲಗುವ ಕೋಣೆಯಲ್ಲಿ ಹೊರಬರಬಹುದು. ರಾತ್ರಿ ಬಾಗಿಲು ಹಾಕಿ ಮಲಗಿದ ಕುಟುಂಬವು ವಾಂತಿ ಮತ್ತು ಉಸಿರಾಟದ ತೊಂದರೆಯಿಂದ ನರಳಿ, ಇದು ಊಟದ ದೋಷವೆಂದು ಭಾವಿಸಿ, ಅಮೂಲ್ಯವಾದ ಸಮಯವನ್ನು ಕಳೆದುಕೊಳ್ಳಬಹುದು. ಈ ವಿಷಕ್ಕೆ ನಿರ್ದಿಷ್ಟವಾದ ಪ್ರತಿವಿಷವಿಲ್ಲ. ಆದುದರಿಂದ ಜನವಾಸದ ಮನೆಯಲ್ಲಿ ಈ ಮಾತ್ರೆಯನ್ನು ಬಿಲಕ್ಕಾಗಲಿ ಧಾನ್ಯದ ಚೀಲಕ್ಕಾಗಲಿ ಬಳಸತಕ್ಕದ್ದಲ್ಲ.

ಹಳದಿ ರಂಜಕವಿರುವ ಇಲಿಪಾಷಾಣವು ಹಲ್ಲುಜ್ಜುವ ಪೇಸ್ಟಿನಂತೆಯೇ ಕೊಳವೆಯಲ್ಲಿ ಬರುತ್ತದೆ. ಮಕ್ಕಳು ಅದನ್ನು ಹಲ್ಲಿಗೆ ಹಚ್ಚಿಕೊಂಡ ಪ್ರಸಂಗಗಳುಂಟು. ಮೊದಲ ದಿನ ವಾಂತಿಯಾಗಿ, ಬಳಿಕ ಒಂದೆರಡು ದಿನ ಮಗು ಗುಣವಾದಂತೆ ಕಾಣುತ್ತದೆ. ಆದರೆ ಆ ಅವಧಿಯಲ್ಲಿಯೇ ಯಕೃತ್ತು ಕೆಡುತ್ತಿರುತ್ತದೆ. ಕಾಮಾಲೆ ಕಾಣಿಸಿಕೊಂಡ ಮೇಲೆ ಚಿಕಿತ್ಸೆ ಬಲು ಕಠಿಣ. ರಕ್ತವನ್ನು ಹೆಪ್ಪುಗಟ್ಟಿಸದ ಬಗೆಯ ಇಲಿಬಿಲ್ಲೆಗಳಲ್ಲಿಯೂ ರಕ್ತಸ್ರಾವವು ಕೆಲವು ದಿನಗಳ ಬಳಿಕವೇ ಕಾಣುತ್ತದೆ. ಇದಕ್ಕೆ ‘ಕೆ’ ಜೀವಸತ್ವವು ಪ್ರತಿವಿಷವಾಗಿದೆ. ಮಗು ಯಾವುದೇ ಇಲಿವಿಷವನ್ನು ಬಾಯಿಗೆ ಹಾಕಿಕೊಂಡಿತೆಂಬ ಸಂದೇಹ ಬಂದರೂ ಚಿಹ್ನೆಗಳಿಗಾಗಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ತಿಗಣೆಗೆಂದು ಮನೆಯೊಳಗೆ ಸಿಂಪಡಿಸುವುದೂ, ಅದರ ಖಾಲಿ ಡಬ್ಬವನ್ನು ಅಡಿಗೆಮನೆಗೆ ತರುವುದೂ ಮಹಾಪರಾಧವೆಂದೇ ತಿಳಿಯಬೇಕು. 2013ರ ಜುಲೈ ತಿಂಗಳಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಮೃತಪಟ್ಟರು. ಊಟದಲ್ಲಿ ಕೀಟನಾಶಕವು ಸೇರಿದ್ದುದೇ ಅದಕ್ಕೆ ಕಾರಣವಾಗಿತ್ತು.

ಹಳೆಯ ಮನೆಯ ಅಟ್ಟದಲ್ಲಿ ಹಿಂದಿನವರು ಬಿಟ್ಟ ಪುಡಿ, ದ್ರವಗಳ ಡಬ್ಬಗಳು ಸಿಗುವುದುಂಟು. ಒಂದು ಕಾಲದಲ್ಲಿ ಮನೆಮನೆಯಲ್ಲಿಯೂ ಬಳಸುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು ಭಾರತದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಗೆದ್ದಲಿಗೆ ಹಾಕುತ್ತಿದ್ದ ಆಲ್ಡ್ರಿನ್ ಕೂಡ ನಿಷೇಧಿತವಾಗಿದೆ. ಇಂತಹ ಡಬ್ಬಗಳನ್ನು ಬಿಚ್ಚಿ ಮೂಸಿ ನೋಡುವುದಾಗಲಿ, ಸುಡುವುದಾಗಲಿ, ಕೆರೆ ಬಾವಿಗಳಿಗೆ ಎಸೆಯುವುದಾಗಲಿ ಸಲ್ಲದು. ಮಕ್ಕಳ ಕೈಗೆ ಎಟುಕದ ಕಡೆ ಬೀಗ ಹಾಕಿಟ್ಟು, ಹೋಬಳಿಯ ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳ ಸಲಹೆಯನ್ನು ಪಡೆಯಿರಿ.

ಕೀಟನಾಶಕದ ಡಬ್ಬದ ಮೇಲಿರುವ ತ್ರಿಕೋನದ ಬಣ್ಣವನ್ನು ಓದುಬಾರದವರೂ ಗುರುತಿಸಬಹುದು. ಕೆಂಪು ಎಂದರೆ ಅತ್ಯುಗ್ರ ವಿಷ, ಹಳದಿ ಉಗ್ರ, ನೀಲಿ ಮಧ್ಯಮ, ಹಸಿರು ಅಲ್ಪ. ಹಸಿರೆಂದರೆ ನಿರಪಾಯವೆಂದು ಅರ್ಥವಲ್ಲ.

ವಿಷ ತಗುಲಿದಾಗ ಮಾಡಬೇಕಾದುದು

ಅನಿಲವಾದರೆ ರೋಗಿಯನ್ನು ತಕ್ಷಣ ಬಯಲಿಗೆ ತರಬೇಕು. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ಕಳಚಿ ಸಾಬೂನು ನೀರಿನಿಂದ ತೊಳೆಯಬೇಕು. ಬಾಯಿಗೆ ಹೋಗಿದ್ದರೆ ಉಪ್ಪುನೀರು, ಹಾಲು, ಎಣ್ಣೆ ಯಾವುದನ್ನೂ ಕುಡಿಸಕೂಡದು, ವಾಂತಿ ಮಾಡಿಸಲೂಕೂಡದು. 108ಕ್ಕೆ ಕರೆ ಮಾಡಿ, ವಿಷದ ಡಬ್ಬ ಅಥವಾ ಕಾಗದವನ್ನು ಜೊತೆಯಲ್ಲಿಯೇ ಆಸ್ಪತ್ರೆಗೆ ಒಯ್ಯಿರಿ. ಯಾವ ವಿಷವೆಂದು ತಿಳಿದರೆ ವೈದ್ಯರ ಕೆಲಸವು ಅರ್ಧ ಸುಲಭವಾಗುತ್ತದೆ. ಬೈಗುಳದ ಭಯದಿಂದ ನಿಜವನ್ನು ಮುಚ್ಚಿಟ್ಟು ಪ್ರಾಣವನ್ನು ಕಳೆದುಕೊಳ್ಳಬಾರದು.

ದಂಪತಿಗಳ ಹೊಣೆ

ಮುಹೂರ್ತದ ದಿನ ಹಾಲುಕ್ಕಿಸಿ ಶಾಸ್ತ್ರವನ್ನು ಪೂರೈಸಲು ಯಾವ ಅಡ್ಡಿಯೂ ಇಲ್ಲ. ಆದರೆ ವಾಸಕ್ಕೆ ಹೋಗುವುದನ್ನು ಮೂರು ನಾಲ್ಕು ವಾರ ಮುಂದೂಡಿ, ಆ ಅವಧಿಯಲ್ಲಿ ಶುಚಿ ಮತ್ತು ದುರಸ್ತಿ ಕಾರ್ಯಗಳನ್ನು ಮುಗಿಸಿಕೊಳ್ಳುವುದು ಜಾಣತನ. ಹೆಂಡತಿ ಗರ್ಭಿಣಿಯಾಗಿದ್ದರೆ ಅಥವಾ ಹಸುಗೂಸಿನ ತಾಯಿಯಾಗಿದ್ದರೆ ಆಕೆ ತವರಿನಲ್ಲಿಯೋ ಹಳೆಯ ಮನೆಯಲ್ಲಿಯೋ ಇರುವುದು ಲೇಸು. ಹಿಕ್ಕೆ ತೆಗೆಯುವುದು, ಅಟ್ಟ ಇಳಿಸುವುದು ಹೆಂಗಸರ ಕೆಲಸವೆಂದು ಗಂಡನು ಸುಮ್ಮನಿರಬಾರದು.

ಕೈಯಲ್ಲಿರುವ ಹಣ ಕಡಿಮೆಯಾದರೆ ಮೊದಲು ಅಪಾಯದ ತೊಲೆ, ಅನಂತರ ಸೋರುವ ಮಾಡು ಮತ್ತು ಬಚ್ಚಲ ನೀರು, ಬಳಿಕ ಬಿಲ, ಜಾಲರಿ ಮತ್ತು ಧಾನ್ಯದ ಡಬ್ಬ, ಕೊನೆಗೆ ಸುಣ್ಣಬಣ್ಣ ಎಂಬ ಕ್ರಮವನ್ನು ಇಟ್ಟುಕೊಳ್ಳಿರಿ. ಬಣ್ಣಕ್ಕೆ ಮೊದಲು ಖರ್ಚು ಮಾಡಿದರೆ ದೋಷಗಳು ಮರೆಯಾಗುತ್ತವೆಯೇ ಹೊರತು ಇಲ್ಲವಾಗುವುದಿಲ್ಲ.

ಹಳ್ಳಿಯ ಮನೆಗಳು ಗೋಡೆಗೆ ಗೋಡೆ ತಾಗಿ ನಿಂತಿರುವುದರಿಂದ ಒಂದು ಮನೆಯವರು ಓಡಿಸಿದ ಇಲಿ ಪಕ್ಕದ ಮನೆಯನ್ನು ಸೇರಿ ತಿಂಗಳೊಳಗೆ ಹಿಂದಿರುಗುತ್ತದೆ. ಬೀದಿಯವರೆಲ್ಲ ಒಂದೇ ವಾರದಲ್ಲಿ ಬೋನು ಹೂಡಿ ಬಿಲ ಮುಚ್ಚಿದರೆ ಫಲ ಹೆಚ್ಚು. ಗ್ರಾಮ ಪಂಚಾಯಿತಿಯೊಡನೆ ಮಾತನಾಡಿ ಚರಂಡಿ ಮತ್ತು ತಿಪ್ಪೆಗಳ ವ್ಯವಸ್ಥೆ ಮಾಡಿಸಿಕೊಳ್ಳಿರಿ. ಆಶಾ ಕಾರ್ಯಕರ್ತೆಯು ಮನೆಗೆ ಬಂದಾಗ ಈ ವಿಷಯಗಳನ್ನೂ ಕೇಳಿ ತಿಳಿದುಕೊಳ್ಳಿರಿ.

ನೆನಪಿನಲ್ಲಿಡಬೇಕಾದ ಅಂಶಗಳು

* ಆಹಾರ, ನೀರು, ಅಡಗುದಾಣ ಇವು ಮೂರನ್ನೂ ತಪ್ಪಿಸುವುದೇ ಶಾಶ್ವತ ಪರಿಹಾರ.
* ಮೊದಲು ಪರೀಕ್ಷೆ, ಬಳಿಕ ಶುಚಿ ಮತ್ತು ದುರಸ್ತಿ, ಅನಂತರ ಬೋನು. ರಾಸಾಯನಿಕವು ಕೊನೆಯ ಉಪಾಯ, ಅದೂ ತರಬೇತಿ ಪಡೆದವರಿಂದ.
* ಧಾನ್ಯದ ಮಾತ್ರೆಯನ್ನು ವಾಸದ ಮನೆಯಲ್ಲಿ ಎಂದಿಗೂ ಇಡಕೂಡದು.
* ಇಲಿಯ ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸಬಾರದು. ಸತ್ತ ಇಲಿಯನ್ನು ಬರಿಗೈಯಿಂದ ಮುಟ್ಟಬಾರದು.
* ಶುಚಿ ಕಾರ್ಯದ ಬಳಿಕ ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ.
* ವಿಷದ ಸಂದೇಹ ಬಂದರೆ ಕಾಯಬೇಡಿರಿ. 108ಕ್ಕೆ ಕರೆ ಮಾಡಿರಿ.

ಅವಸರದಿಂದ ತಂದ ವಿಷವು ಒಂದು ರಾತ್ರಿಯಲ್ಲಿ ಮಾಡಬಲ್ಲ ಕೇಡನ್ನು ಮುಂದೆ ಯಾವ ದುರಸ್ತಿಯೂ ಸರಿಪಡಿಸಲಾರದು. ಗಂಡಹೆಂಡಿರು ಒಂದಾಗಿ ಯೋಚಿಸಿ, ಕ್ರಮವಾಗಿ ಒಂದು ತಿಂಗಳು ಶ್ರಮಿಸಿದರೆ ಹಳೆಯ ಮನೆಯೂ ಮಕ್ಕಳ ಆರೋಗ್ಯಕ್ಕೆ ತಕ್ಕ ಆಸರೆಯಾಗುತ್ತದೆ.